ಬೀಗರನ್ನು ದ್ರಾಕ್ಷಿ ಚಪ್ಪರಕ್ಕೆ ಕರೆದ ಮಾವ

ನನ್ನ ಸೋದರಮಾವನಿಗೆ ಕಳ್ಳರ ಭಯವಿಲ್ಲ, ಹಾವಿನ ಭಯವಿಲ್ಲ. ಮುಚ್ಚಿದ ಕಿಟಕಿ ಕಂಡರೆ ಮಾತ್ರ ಮೈ ಬೆವರುತ್ತಿತ್ತು. ಯಾರ ಮನೆಗೆ ಹೋದರೂ ನಮಸ್ಕಾರಕ್ಕಿಂತ ಮೊದಲು ಕಿಟಕಿ ತೆರೆಯುವರು. ಕುಂದಾಣದ ಬಸ್ಸಿನಲ್ಲಿ ಚಳಿಗೆ ಮುದುಡಿ ಕೂತವರಿಂದ ಅವರಷ್ಟು ಬೈಸಿಕೊಂಡವರು ಇನ್ನೊಬ್ಬರಿಲ್ಲ.

ಅದು ಕೊರೊನಾ ಕಾಲ. ಮಾವ ವಿಮಾನ ನಿಲ್ದಾಣದಲ್ಲಿ ಸಾಮಾನಿನ ಟ್ರಾಲಿ ಜೋಡಿಸುವ ಕೆಲಸದಲ್ಲಿದ್ದರು. ಮನೆಯಲ್ಲಿ ದಮ್ಮಿನ ಅಜ್ಜಿ. ದೇಶವಿದೇಶದ ಕೆಮ್ಮನ್ನೆಲ್ಲ ಹೊತ್ತು ತಂದು ಹೆತ್ತ ತಾಯಿಗೆ ಅಂಟಿಸಿಬಿಟ್ಟರೆ? ಅದೊಂದೇ ಚಿಂತೆ. ಡ್ಯೂಟಿ ಮುಗಿಸಿ ಬಂದವರು ಹಿತ್ತಲ ಬಚ್ಚಲಲ್ಲಿ ಸೋಪು ಹಾಕಿ ಮೈ ಉಜ್ಜಿ, ಬಟ್ಟೆ ನೆನೆಹಾಕಿಯೇ ಒಳಗೆ ಬರುತ್ತಿದ್ದರು. ಬಂದರೂ ಮಾಸ್ಕ್ ತೆಗೆಯರು. ಊಟ ಒಬ್ಬರೇ, ಜಗಲಿಯಲ್ಲಿ. ಅಪ್ಪನ ಮೂಗು ಹೇಗಿತ್ತೆಂಬುದೇ ಮರೆತುಹೋಗಿದೆ ಎಂದು ಮಗಳು ನನ್ನಲ್ಲಿ ದೂರುತ್ತಿದ್ದಳು.

ಆ ಮಗಳಿಗೇ ನಿಶ್ಚಿತಾರ್ಥ ಕೂಡಿಬಂತು. ಬೀಗರು ದೇವನಹಳ್ಳಿಯಲ್ಲಿ ಎ.ಸಿ. ಹಾಲ್ ನೋಡಿದ್ದರು. ಅಲ್ಲಿ ತೆರೆಯುವಂಥ ಕಿಟಕಿ ಒಂದೂ ಇಲ್ಲವೆಂದು ಮಾವ ಬೇಡವೆಂದುಬಿಟ್ಟರು. ಶಾಸ್ತ್ರವೆಲ್ಲ ತಮ್ಮ ತೋಟದ ದ್ರಾಕ್ಷಿ ಚಪ್ಪರದಡಿ! ಕುರ್ಚಿಗಳ ನಡುವೆ ಎಮ್ಮೆ ಓಡಾಡುವಷ್ಟು ಜಾಗ. ಚಪ್ಪರ ತಗ್ಗು, ಗಂಡಿನ ಕಡೆಯವರು ತಲೆಬಾಗಿಸಿಕೊಂಡು ಬಂದ ಸಂಬಂಧ ನಮ್ಮ ವಂಶದಲ್ಲಿ ಅದೊಂದೇ ಇರಬೇಕು. ಅವರ ಮುನಿಸು ಮಾಸ್ಕಿನ ಮೇಲಿನ ಕಣ್ಣುಗಳಲ್ಲೇ ಕಾಣುತ್ತಿತ್ತು. ಪುರೋಹಿತರಿಗೂ ಮಾಸ್ಕ್. ಮಂತ್ರ ಒಂದೂ ಅರ್ಥವಾಗುತ್ತಿಲ್ಲ ಎಂದು ಹುಡುಗನ ತಾತ ಗೊಣಗಿದರು.

ಮಾವ ತಣ್ಣಗೆ ಕೇಳಿದರು: "ಮೊದ್ಲು ಅರ್ಥ ಆಗ್ತಿತ್ತಾ ಗೌಡ್ರೇ?"

ಮೊದಲು ನಕ್ಕವರು ಪುರೋಹಿತರು. ಆಮೇಲೆ ಬೀಗರೂ ನಕ್ಕರು.

ಶಾಸ್ತ್ರಕ್ಕೆ ಬಂದವರೆಲ್ಲ ಆಮೇಲೂ ಆರೋಗ್ಯವಾಗಿಯೇ ಇದ್ದರು. ಕೆಲವು ವಾರಗಳ ನಂತರ ಕೆಲಸದ ಜಾಗದಲ್ಲಿ ಹಲವರು ಕೊರೊನಾ ಹಿಡಿದು ಮಲಗಿದರು. ಮಾವನಿಗೂ ಜ್ವರ ಬಂತು. ಮನೆಗೆ ಕಾಲಿಡದೆ ನೇರ ತೋಟದ ಮೋಟರ್ ಮನೆಗೆ ಹೋಗಿ ಮಲಗಿದರು. ಅತ್ತೆ ಹೊಸ್ತಿಲಾಚೆ ಗಂಜಿ ಇಟ್ಟು ಬರುತ್ತಿದ್ದರು. ಮಾತಾಡಲು ಸುಸ್ತಾಗುತ್ತಿದ್ದರೂ ಫೋನಿನಲ್ಲಿ ಮಾವ ಕೇಳುತ್ತಿದ್ದುದು ಒಂದೇ, ಅಮ್ಮ ಕೆಮ್ಮುತ್ತಿದ್ದಾಳಾ ಎಂದು.

ಅಜ್ಜಿಗೆ ಏನೂ ಆಗಲಿಲ್ಲ. ಜ್ವರ ವಾಸಿಯಾಗಿ, ಡಾಕ್ಟರು ಇನ್ನು ಮನೆಯವರ ಜೊತೆ ಇರಬಹುದು ಎಂದ ಮೇಲೂ ಮಾವ ಅಂಗಳದಲ್ಲೇ ದೂರ ನಿಂತರು. ಅಜ್ಜಿ ಕೋಲೂರಿಕೊಂಡು ಜಗಲಿಯಿಂದ ಇಳಿದು, ತಾವೇ ಹತ್ತಿರ ಬಂದರು.

"ಅದ್ನ ತೆಗಿಯೋ ಮಗಾ. ಮುಖ ನೋಡ್ಬೇಕು."

ಮಾವ ಮಾಸ್ಕ್ ಇಳಿಸಿದರು. ಅಜ್ಜಿ ಅವರ ಕೆನ್ನೆ ಸವರಿ, ಎಷ್ಟು ಸೊರಗಿಬಿಟ್ಟೆಯಲ್ಲೋ ಎಂದರು. ಊರಿಗೆಲ್ಲ ದೂರ ನಿಲ್ಲಲು ಹೇಳುತ್ತಿದ್ದ ಮಾವ, ತಾಯಿಯ ಹೆಗಲಿಗೆ ಹಣೆಯಿಟ್ಟು ತುಂಬ ಹೊತ್ತು ಹಾಗೆಯೇ ನಿಂತಿದ್ದರು.