ಹದಿಮೂರು ಆಗೂತನಕ ಚಾ ಇಲ್ಲ

ನಾ ಸುಮ್ಮ ಕುಂತ್ರೂ ಇಂಥಾವು ನನ್ನ ಮನಿ ಹುಡುಕ್ಕೊಂಡು ಬರ್ತಾವು. ಬನಹಟ್ಟ್ಯಾಗ ಬ್ಯಾರೆ ಮಂದಿ ಇಲ್ಲೇನ್ರಿ?

ಹಟ

ಮುಧೋಳದ ನಮ್ಮ ಬೀಗರು ರಿಟಾಯರ್ಡ್ ಗಣಿತ ಮಾಸ್ತರು. ಬಂದಾಗೆಲ್ಲಾ ನನ್ನ ತಲಿ ತಿಂದ ಹೋಗೂದು ಅವರ ಚಾಳಿ. ಈ ಸಲ ಬಂದವರು, "ನಾಕರ ಅಂಕಿ ನಾಕು ಸಲ ಬಳಸ್ಬೇಕ್ರಿ. ಕೂಡಸ್ರಿ, ಕಳೀರಿ, ಭಾಗಸ್ರಿ, ವರ್ಗಮೂಲ ತಗೀರಿ, ಎರಡು ಜೋಡಿಸಿ ನಲವತ್ನಾಕು ಮಾಡ್ರಿ, ನಿಮ್ಮ ಖುಷಿ. ನಲವತ್ನಾಕಕ್ಕ ನಾಕು ಕೂಡಿಸಿ ನಾಕರಿಂದ ಭಾಗಿಸಿದ್ರ ಹನ್ನೆರಡಾತು. ಈಗ ಹದಿಮೂರು ಮಾಡ್ರಿ ನೋಡೂಣು. ಮಗ್ಗದ ಮಂದಿಗೆ ಆಗೂದಿಲ್ಲ ಬಿಡ್ರಿ," ಅಂದ್ರು.

ನನಗ ಸಿಟ್ಟು ನೆತ್ತಿಗೇರ್ತು. "ಹದಿಮೂರು ಆಗೂತನಕ ಚಾ ಮುಟ್ಟಂಗಿಲ್ಲ!" ಅಂದೆ. ತಾಸಿಗೊಂದು ಕಪ್ ಕುಡಿಯಾವ ನಾ. ನನ್ನ ಹೆಂಡ್ತಿ, "ಶಿವನೇ, ಇನ್ನ ಈ ಮನ್ಯಾಗ ಇರೂದು ಹೆಂಗ?" ಅಂದ್ಲು.

ನಾಕು ಬಟ್ಟು

ಪಾವರ್‌ಲೂಮ್ ಸಪ್ಪಳದಾಗ ಮಾತು ಕೇಳೂದಿಲ್ಲ. ಎಷ್ಟು ಕೈಬಟ್ಟು ತೋರಸ್ತೀವಿ, ಆ ನಂಬರಿನ ಮಗ್ಗ ಬಂದ್ ಮಾಡ್ಬೇಕು, ಬಂದ್ ಇದ್ರ ಚಾಲೂ ಮಾಡ್ಬೇಕು. ಇದು ನಮ್ಮ ರಿವಾಜು. ನಾ ಲೆಕ್ಕದ ಗುಂಗಿನಾಗ ನಾಕು ಬಟ್ಟು ಎತ್ತಿದೆ. ನಮ್ಮ ನೇಕಾರ ನಾಕನೇ ಮಗ್ಗ ಬಂದ್ ಮಾಡಿದ. ಮತ್ತ ಎತ್ತಿದೆ, ಚಾಲೂ ಮಾಡಿದ. ಮತ್ತ ಬಂದ್, ಮತ್ತ ಚಾಲೂ. ಕಡೀಕ ಬಂದು ನನ್ನ ಕಿವ್ಯಾಗ ಒದರಿದ: "ಅಣ್ಣಾರ, ಒಂದ್ ಕಪ್ ಚಾ ಕುಡೀರಿ, ಮಗ್ಗಾದ್ರೂ ಉಳೀತೈತಿ!"

ಹಾಗಲಕಾಯಿ

ನೂಲಿನ ಅಂಗಡಿ ಸಾವಕಾರ್ರು ಚಾ ತರಿಸಿದ್ರು. ಬ್ಯಾಡ ಅಂದೆ. ನಮ್ಮ ಕಡೆ ಚಾ ಬ್ಯಾಡ ಅಂದ್ರ ಒಂದೋ ಜಗಳ ಇರಬೇಕು, ಇಲ್ಲಾ ಜಡ್ಡು. "ಶುಗರ್ ಬಂತೇನ್ರಿ, ಪಾಪ!" ಅಂದ್ರು. ಹಟದ ಕತಿ ಹೇಳಾಕ ನಾಚಿಕಿ ಬಂತು, ನೂಲು ತಗೊಂಡು ಎದ್ದು ಬಂದೆ. ಸಂಜೀಕ ಓಣಿ ಹೆಣ್ಮಕ್ಕಳೆಲ್ಲಾ ಹಾಗಲಕಾಯಿ ಹಿಡ್ಕೊಂಡು ನಮ್ಮ ಬಾಗಲಾಗ! ನನ್ನ ಹೆಂಡ್ತಿ ಒಂದೂ ವಾಪಸ್ ಕಳಿಸ್ಲಿಲ್ಲ. "ಚಾ ಬಿಟ್ಟಾವ್ರು ಇದನ್ನೂ ತಿಂತಾರ, ಇಟ್ಟು ಹೋಗ್ರಿ," ಅಂದ್ಲು.

ಫೋನು

ಹೊತ್ತೊತ್ತಿಗೂ ಹಾಗಲಕಾಯಿ ಪಲ್ಲೆ. ಚಾ ಇಲ್ಲದ ತಲಿ ಸಿಡ್ಯಾಕತ್ತಿತ್ತು, ಆದ್ರ ಸೋಲಾಕ ನಾ ತಯಾರಿಲ್ಲ. ಒಂದಿನ ಊಟಕ್ಕ ಕುಂತಾಗ ಹೊಳೀತು ನೋಡ್ರಿ. ನಲವತ್ನಾಕನ್ನ ನಾಕರಿಂದ ಭಾಗಿಸಿದ್ರ ಹನ್ನೊಂದು. ಉಳಿದ ಒಂದು ನಾಕರ ವರ್ಗಮೂಲ ಎರಡು. ಹದಿಮೂರು! ತಾಟು ಬಿಟ್ಟು ಎದ್ದು ಬೀಗರಿಗೆ ಫೋನ್ ಹಚ್ಚಿದೆ.

"ಹದಿಮೂರು ಆತ್ರಿ, ಬೀಗರ!"

"ಹೆಂಗ? ಲಗೂ ಹೇಳ್ರಿ!" ಅಂದ್ರು. ಹೇಳಿದೆ. ಆ ಕಡಿಂದ ದೊಡ್ಡ ಉಸರು ಕೇಳ್ತು.

"ಪುಣ್ಯಾತ್ಮ, ಉಳಿಸಿದ್ರಿ ನನ್ನ! ನನಗ ಬಂದಿರಲಿಲ್ಲರೀ. ನಿಮಗ ಸಿಟ್ಟು ಬಂದ್ರ ಮಾಡೇ ಬಿಡ್ತೀರಿ ಅಂತ ನಿಮಗ ದಾಟಿಸಿದ್ದೆ," ಅಂದ್ರು. ಫೋನ್ ಇಡದ ಹಂಗ ಬೀಗತಿಗೆ ಒದರಿದ್ರು: "ಏ, ಲಗೂ ಚಾ ಇಡು! ನಂದೂ ಹಟ ಮುಗೀತು!"