ವಿಮಾನಕ್ಕೊಂದು ಗಡಿಗೆ ಮಣ್ಣು

ರೇಡಿಯೋ ರಿಪೇರಿಯವನಿಗೆ ಕೆಟ್ಟ ರೇಡಿಯೋ ಸುಧಾರಿಸುವುದು ಸುಲಭ, ಅದರ ಮನೆಯವರನ್ನು ಸುಧಾರಿಸುವುದು ಕಷ್ಟ. ತುಂಗಭದ್ರಾ ಕಾಲುವೆ ಅಗೆಯುತ್ತಿದ್ದ ಕಾಲದಲ್ಲಿ ಮಸ್ಕಿಯಲ್ಲಿ ನನ್ನ ಅಂಗಡಿ. ಸಿಕಂದರಾಬಾದಿನಲ್ಲಿ ವಿಮಾನದ ರೇಡಿಯೋ ಕೆಲಸ ಕಲಿತು ಬಂದವನು ನಾನು. ನನ್ನ ಕೆಲಸದ ಮೇಲೆ ನನಗೆ ಅನುಮಾನವೇ ಇರಲಿಲ್ಲ. ಅನುಮಾನವೆಲ್ಲ ಊರವರಿಗೆ.

ಮಜ್ಜಿಗೆ

ಸಿಂಧನೂರಿನ ಸಾಹುಕಾರರ ಮನೆಯಲ್ಲಿ ರೇಡಿಯೋ ಕೂಡಿಸಿ, ಅದನ್ನು ಭೂಮಿಗೆ ಕೂಡಿಸುವ ಅರ್ತಿಂಗ್ ತಂತಿಯನ್ನು ಹಿತ್ತಲಲ್ಲಿ ಹೂತೆ. "ಮಣ್ಣು ಒಣಗಿದ್ರ ಗರಗರ ಅಂತೈತಿ, ದಿನಾ ತಂಪು ಮಾಡ್ರಿ" ಎಂದು ಸಾಹುಕಾರರ ತಾಯಿಗೆ ಹೇಳಿ ಬಂದೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಹಿತ್ತಲ ತುಂಬ ಹುಳಿ ವಾಸನೆ.

"ಏನ್ ಹಾಕೀರಿ ಅವ್ವಾ?"

"ಮಜ್ಜಿಗಿ. ಇಂಥಾ ಬಿಸಲಾಗ ಬರೇ ನೀರು ಕುಡಸಿದ್ರ ಪಾಪ ಹತ್ತತೈತಿ."

ಧೋತರ

ಲಿಂಗಸುಗೂರಿನ ವಕೀಲರ ರೇಡಿಯೋ ಮೂಕಾಗಿತ್ತು. ಮಾಳಿಗೆ ಹತ್ತಿ ನೋಡಿದೆ: ಏರಿಯಲ್ ತಂತಿಯ ಮೇಲೆ ವಕೀಲರ ಹಸಿ ಧೋತರ.

"ಸುದ್ದಿ ಬರವಲ್ದು, ಮದ್ಲ ಧೋತರ ತಗಿ!" ಎಂದು ವಕೀಲರು ಮನೆಯೊಳಗೆ ಮುಖ ಮಾಡಿ ಕೂಗಿದರು.

"ತಗೀತೀನಿ. ನಾಳೆ ಕೋರ್ಟಿಗೆ ಸುದ್ದೀನ ಉಟ್ಕೊಂಡು ಹೋಗ್ರಿ" ಎಂದರು ಒಳಗಿಂದ ಅವರ ಹೆಂಡತಿ.

ವಿಮಾನ

ಗೊರೇಬಾಳದ ಹತ್ತಿರ ಅದೇ ಸಾಹುಕಾರರ ಹೊಲದಲ್ಲಿ ಕಾಲುವೆ ಸರ್ವೆಯ ಪುಟ್ಟ ವಿಮಾನ ಇಳಿದಿತ್ತು. ಎಂಜಿನ್ ಶುರುವಾದರೆ ಸಾಕು, ಅದರ ರೇಡಿಯೋದಲ್ಲಿ ಬರೀ ಗರಗರ. ನನಗೆ ಕರೆ ಬಂತು.

"ಮ್ಯಾಲಿಂದ ಮಾತು ಕೇಳಿದ್ರ ಸೈ. ಇಲ್ಲಾಂದ್ರ ಹೈದ್ರಾಬಾದಿಂದ ಮೆಕ್ಯಾನಿಕ್ ಕರಸ್ತೀನಿ" ಎಂದರು ಸರ್ವೆ ಸಾಹೇಬರು, ಎಲ್ಲರ ಮುಂದೆ. ಅರ್ಧ ಊರು ಅಲ್ಲೇ ನೆರೆದಿತ್ತು. ಮಾತು ಕೇಳದಿದ್ದರೆ ನನ್ನ ಅಂಗಡಿಯ ಮಾನ ಅಂದೇ ಹೋಗುತ್ತಿತ್ತು.

ಅರ್ತಿಂಗ್ ತಂತಿ ಕೂಡುವ ಜಾಗಕ್ಕೆ ಯಾರೋ ಬಣ್ಣ ಬಳಿದಿದ್ದರು. ಬಣ್ಣ ಕೆರೆದು, ಬರಿ ಲೋಹಕ್ಕೆ ತಂತಿ ಬಿಗಿದೆ. ಸಾಹುಕಾರರ ತಾಯಿ ನೋಡುತ್ತ ನಿಂತಿದ್ದರು.

"ಇದರ ಮಣ್ಣು ಎಲ್ಲೈತೋ ತಮ್ಮಾ?"

"ವಿಮಾನದ ಮೈಯೇ ಇದಕ್ಕ ಭೂಮಿ, ಅವ್ವಾ."

"ತಗಡು ಎಲ್ಯಾರ ಭೂಮಿ ಆಗತೈತೇನು?"

ನೋಡನೋಡುತ್ತಲೇ ಅವರು ಒಂದು ಗಡಿಗೆಗೆ ಹಸಿ ಮಣ್ಣು ತುಂಬಿ ವಿಮಾನ ಹಾರಿಸುವವನ ಕೈಗೆ ಕೊಟ್ಟರು. ಅವನು ಧಾರವಾಡದ ಕಡೆಯ ಹುಡುಗ. ಹಿರಿಯರ ಮಾತು ಮೀರಲಾರದೆ ಗಡಿಗೆಯನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಹಾರಿಹೋದ.

ಕೆಳಗೆ ಸರ್ವೆಯವರ ಮಾತಾಡುವ ರೇಡಿಯೋ ಮುಂದೆ ಕೂತ ನನಗೆ ಕೆಲಸದ ಮೇಲೆ ಪೂರ್ತಿ ನಂಬಿಕೆ. ಆದರೂ ದನಿಯ ಗುಂಡಿಯನ್ನು ಮೂರು ಸಲ ತಿರುವಿ ನೋಡಿದೆ. ದನಿ ಬಂತು! ಗರಗರದ ಸುಳಿವೇ ಇಲ್ಲ. ಸಾಹೇಬರು ನನ್ನ ಬೆನ್ನು ತಟ್ಟಲು ಕೈ ಎತ್ತಿದರು. ಅಷ್ಟರಲ್ಲಿ ಮೇಲಿನವನು ಕೇಳಿದ:

"ಆವಾಜ್ ಸಾಫ್ ಐತ್ರಿ. ಆ ಅವ್ವನ್ನ ಕೇಳ್ರಿ, ಗಡಿಗಿಗೆ ನೀರು ಯಾವಾಗ ಹಾಕ್ಬೇಕು?"

ಊರೆಲ್ಲ ಅವ್ವನ ಕಡೆ ತಿರುಗಿ ಕೈಮುಗಿಯಿತು. ಸಾಹೇಬರ ಎತ್ತಿದ ಕೈಯೂ ಅತ್ತಲೇ ಹೋಯಿತು.

ಅವ್ವ ರೇಡಿಯೋದತ್ತ ಬಾಗಿ ಗದರಿದರು: "ನೀರಲ್ಲೋ ಹುಚ್ಚಪ್ಪಾ, ಮಜ್ಜಿಗಿ!"