ಅವಳಿ ಸಿಡಿಲಿನವರು ಕೊಟ್ಟ ಡ್ರಾಪ್

ಡೋಲು ಅಟ್ಟ ಸೇರಿ, ನಾದಸ್ವರವು ಮೊಬೈಲಿನೊಳಗೆ ಮುದುಡಿ, ವಿದ್ಯುನ್ನಾದವೊಂದೇ ದಶದಿಕ್ಕುಗಳನ್ನಾಳುತ್ತಿದ್ದ ಯುಗವದು. ಟ್ರಾನ್ಸ್‌ಫಾರ್ಮರಿನ ನೆತ್ತಿಯಲ್ಲಿ ನೆಲೆಸಿರುವ ತಾಯೀ, ಈ ಕಥೆ ಮುಗಿಯುವ ತನಕ ಕರೆಂಟು ತೆಗೆಯಬೇಡ. ದಾವಣಗೆರೆಯ ಮಿಕ್ಸಿಕುಲತಿಲಕ, ಫ್ಯೂಸ್‌ಭಂಜನ, ಕರ್ಣಪಟಲವಿದಾರಣ ತಿಪ್ಪೇಶನ ದಿಗ್ವಿಜಯವನ್ನು ಹಾಡಬೇಕಾಗಿದೆ.

ಈ ಮಹಾಪುರುಷನು ಮಂಡಿಪೇಟೆಯ ಅಂಗಡಿಯಲ್ಲಿ ಆರು ವರ್ಷ ಚಟ್ನಿ ಮಿಕ್ಸಿಗಳ ಸುಟ್ಟ ಮೋಟಾರಿಗೆ ತಂತಿ ಸುತ್ತಿದವನು. ಮಿಕ್ಸಿ ರಿಪೇರಿ ಮಾಡುವವನಿಗೆ ಡಿಜೆ ಮಿಕ್ಸರ್ ಯಾವ ಲೆಕ್ಕ ಎಂದುಕೊಂಡು, ಶಾಮಿಯಾನ ಅಂಗಡಿಯ ಕೊಟ್ರೇಶನ ಜೊತೆಗೂಡಿ ‘ಅವಳಿ ಸಿಡಿಲು’ ಎಂಬ ಜೋಡಿ ಕಟ್ಟಿದ. ಆದರೆ ಅವನ ಸೋದರತ್ತೆ ಗಂಗಮ್ಮ ಮಾತ್ರ ಅವನನ್ನು ಊರೆಲ್ಲ ಕೇಳುವಂತೆ ‘ಮಿಕ್ಸಿ ತಿಪ್ಪ’ ಎಂದೇ ಕರೆಯುತ್ತಿದ್ದಳು. ವೀರನಿಗೆ ಅದು ನಿಜಕ್ಕೂ ನೋಯುತ್ತಿತ್ತು.

ಮಹಿಳಾ ಸಂಘದ ಅಧ್ಯಕ್ಷಿಣಿಯಾದ ಆ ಅತ್ತೆಯೇ ವಾರ್ಷಿಕೋತ್ಸವದ ದಿನ, ಊಟವಾದ ಮೇಲೆ, ಅರ್ಧ ಗಂಟೆ ಅವಕಾಶ ಕೊಟ್ಟಳು. ಜೊತೆಗೊಂದು ಪಣವನ್ನೂ ಒಡ್ಡಿದಳು.

“ಒಬ್ರಾದ್ರೂ ಕುರ್ಚಿ ಬಿಟ್ಟು ಎದ್ರೆ ಇವತ್ತಿಂದ ನಿನ್ನ ಡಿಜೆ ತಿಪ್ಪೇಶ ಅಂತೀನಿ. ಏಳ್ಲಿಲ್ಲ ಅಂದ್ರೆ ಈ ಡಬ್ಬ ಎಲ್ಲ ಮಾರಿ ಮತ್ತೆ ಮಿಕ್ಸಿ ಅಂಗಡಿಗೇ ಹೋಗ್ಬೇಕು.”

ಈಗ ಒಂದು ಗುಟ್ಟು. ಈ ವಿದ್ಯೆಯಲ್ಲಿ ತಾಳವನ್ನು ಏರಿಸಿ ಏರಿಸಿ, ಕೇಳುವವರ ಜೀವವನ್ನು ಬಾಯಿಗೆ ತಂದು, ಒಂದು ಗುಂಡಿಯೊತ್ತಿ ಧಡಾರನೆ ಕೆಡವುವ ಗಳಿಗೆಗೆ ‘ಡ್ರಾಪ್’ ಎಂದು ಹೆಸರು. ಆ ಗುಂಡಿಯನ್ನು ಯಾರೊತ್ತಬೇಕು ಎಂಬ ಬಗ್ಗೆ ವೇದಿಕೆಯ ಮೇಲೆಯೇ ಮಹಾಸಮರ ಹುಟ್ಟಿತು. ತ್ರಿಭುವನಗಳನ್ನು ನಡುಗಿಸುವ ಬ್ರಹ್ಮಗುಂಡಿಯನ್ನು ಸ್ಪರ್ಶಿಸಲು ತನ್ನ ಬಲಹೆಬ್ಬೆರಳೊಂದೇ ಅರ್ಹವೆಂದು ತಿಪ್ಪೇಶನು ಗರ್ಜಿಸಿದನು. ಅಂದರೆ, “ಬಟನ್ ನಂದು, ನೀನು ಲೈಟ್ ನೋಡ್ಕ” ಎಂದನು. ಶಾಮಿಯಾನವಂಶಚೂಡಾಮಣಿ ಕೊಟ್ರೇಶನು, ಸ್ಪೀಕರುಗಳು ತನ್ನವಾಗಿರುವಾಗ ಗುಂಡಿಯೂ ತನ್ನದೇ ಎಂದು ಸಾಧಿಸಿದನು.

ಇತ್ತ ಮೂವತ್ತೆಂಟು ಹೆಂಗಸರು ಎಲೆ ಅಡಿಕೆ ಮೆಲ್ಲುತ್ತ ಕಲ್ಲಿನಂತೆ ಕೂತಿದ್ದರು. ಇಪ್ಪತ್ತೆಂಟು ನಿಮಿಷ ಗೋಡೆಗಳು ನಡುಗಿದವು, ಕಿಟಕಿಗಳು ನಡುಗಿದವು, ಒಬ್ಬ ಹೆಂಗಸೂ ಕದಲಲಿಲ್ಲ. ಗಂಗಮ್ಮ ಗಡಿಯಾರ ನೋಡಿದಳು. ತಿಪ್ಪೇಶನ ಎದೆ ಸ್ಪೀಕರಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಕೊನೆಯ ಅಸ್ತ್ರವೆಂದು ಮೈಕ್ ಎತ್ತಿಕೊಂಡ.

“ಅಮ್ಮಾರೆ, ರೆಡಿ ಆಗ್ರಿ. ಈಗ ಎಲ್ರಿಗೂ ಡ್ರಾಪ್ ಕೊಡ್ತೀವಿ.”

ಏನು ಹೇಳಲಿ! ಮೂವತ್ತೆಂಟು ಮಂದಿಯೂ ಒಮ್ಮೆಲೇ ಎದ್ದರು. ಆ ಸಂತೋಷದಲ್ಲಿ ಎರಡು ಹೆಬ್ಬೆರಳುಗಳು ಗುಂಡಿಯ ಮೇಲೆ ಒಂದರ ಹಿಂದೊಂದು ಬಿದ್ದವು. ಮೊದಲನೆಯ ಒತ್ತಿಗೆ ಶುರುವಾದದ್ದು ಎರಡನೆಯದಕ್ಕೆ ನಿಂತುಹೋಗಿ, ಮಹಾಧ್ವನಿಯ ಬದಲು ಮಹಾಮೌನ ಕವಿಯಿತು. ಆ ಮೌನದಲ್ಲಿ ಬ್ಯಾಗು, ಛತ್ರಿ, ಬಹುಮಾನದ ಸ್ಟೀಲ್ ಡಬ್ಬಿಗಳು ಹೆಗಲೇರಿದ ಸದ್ದು ಮಾತ್ರ ಕೇಳಿಸಿತು.

“ಹರಿಹರದ ಬಸ್ಸು ನಾಲ್ಕೂವರೆಗೆ ಐತಿ,” ಎಂದಳು ಮುಂದಿನ ಸಾಲಿನ ಅಜ್ಜಿ, ತಿಪ್ಪೇಶನ ಕೈ ಹಿಡಿದು. “ಮೊದ್ಲು ನನ್ನ ಬಿಡಪ. ನಿನ್ನ ಗಾಡಿ ಎಲ್ಲೈತಿ?”

ಗಂಗಮ್ಮ ಆಡಿದ ಮಾತಿಗೆ ತಪ್ಪುವವಳಲ್ಲ. ಬಾಗಿಲಲ್ಲಿ ನಿಂತು, ಊರೆಲ್ಲ ಕೇಳುವಂತೆ, “ಡಿಜೆ ತಿಪ್ಪೇಶ, ಹೆಲ್ಮೆಟ್ ಹಾಕ್ಕ” ಎಂದಳು. ಜೋಡಿ ಕಟ್ಟಿದಾಗಿನಿಂದ ಕಾದಿದ್ದ ಆ ಹೆಸರನ್ನು ಕೇಳಿ ಅವನ ಕಣ್ಣು ತುಂಬಿತು.

ಅವಳಿ ಸಿಡಿಲುಗಳು ಎರಡು ಸ್ಕೂಟರುಗಳಲ್ಲಿ ತಲಾ ಹತ್ತೊಂಬತ್ತು ಸಲ ಬಸ್ ಸ್ಟ್ಯಾಂಡಿಗೆ ಹೋಗಿಬಂದವು. ದಾವಣಗೆರೆಯ ಆ ಹುಡುಗರಂತೆ ಡ್ರಾಪ್ ಕೊಡುವವರು ಯಾರೂ ಇಲ್ಲವೆಂಬ ಕೀರ್ತಿ ಅಂದೇ ತುಂಗಭದ್ರೆಯನ್ನು ಮುಟ್ಟಿತು. ವಾರದೊಳಗೆ ಹರಿಹರದ ಸಂಘದಿಂದಲೂ ಕರೆ ಬಂತು. ತಿಪ್ಪೇಶನು ಗಂಭೀರವಾಗಿ ಎಷ್ಟು ಸ್ಪೀಕರ್ ಬೇಕೆಂದು ವಿಚಾರಿಸಿದ.

“ಸ್ಪೀಕರ್ ಇಲ್ದಿದ್ರೂ ನಡೀತೈತಪ,” ಎಂದಿತು ಆ ಕಡೆಯ ದನಿ. “ಸ್ಕೂಟರ್ ಮಾತ್ರ ಎರಡೂ ತರ್ರಿ.”